ಇದೇ ಒರಿಜಿನಲ್ ಸರ್

ಮೊನ್ನೆ ಮಂಗಳವಾರ ಸಂಜೆ ಬಂದವರು ಪೆನ್‌ಡ್ರೈವನ್ನು ಟೇಬಲ್ ಮೇಲಿಡಲಿಲ್ಲ, ನನ್ನ ಕೈಗೇ ಕೊಟ್ಟರು. ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು. ಶುಕ್ರವಾರ ತಂದೆಯ ವೈಕುಂಠ ಸಮಾರಾಧನೆ. ಟಿವಿಯಲ್ಲಿ ಹಾಕಲು ಹತ್ತು ನಿಮಿಷದ ವಿಡಿಯೊ ಆಗಬೇಕು. ಫೋಟೊ ಬೇಕಾದಷ್ಟಿದ್ದವು. ಅಜ್ಜ ಮಾತಾಡಿದ್ದು ಮಾತ್ರ ಒಂದೇ ಕಡೆ, 40 ಸೆಕೆಂಡು.

ತೆರೆದು ನೋಡಿದೆ. 3 ಎಂಬಿ. ಅಗಲ 848 ಪಿಕ್ಸೆಲ್, ಎತ್ತರ 480.

"ಇದು ವಾಟ್ಸಾಪ್ ಗ್ರೂಪಿಂದ ಇಳಿಸಿದ್ದು. ಒರಿಜಿನಲ್ ಕೊಡಿ."

"ಇದೇ ಒರಿಜಿನಲ್ ಸರ್."

"ಫೋನಲ್ಲಿ ತೆಗೆದದ್ದು ಇರ್ತದಲ್ಲ?"

"ಗ್ರೂಪಲ್ಲಿ ಇದೆಯಲ್ಲ ಅಂತ ಡಿಲೀಟ್ ಮಾಡಿದೆ. ಫೋನಲ್ಲಿ ಜಾಗ ಇರ್ಲಿಲ್ಲ."

ನಾನು ಸುಮ್ಮನಾದೆ. 1080ರಲ್ಲಿ, ಅಂದರೆ ಫುಲ್ ಎಚ್‌ಡಿಯಲ್ಲಿ, ತೆಗೆದ 1 ನಿಮಿಷದ ವಿಡಿಯೊ ಫೋನಿನಲ್ಲಿ ಸುಮಾರು 130 ಎಂಬಿ ಇರುತ್ತದೆ. ಆ ಲೆಕ್ಕಕ್ಕೆ ಈ 40 ಸೆಕೆಂಡು 85 ಎಂಬಿ ಆದರೂ ಇದ್ದಿರಬೇಕು. ಗ್ರೂಪಿಗೆ ಹಾಕುವಾಗ ವಾಟ್ಸಾಪ್ ಕುಗ್ಗಿಸಿ ಉಳಿದದ್ದು 3.

ಅವರ ಜೊತೆ ಭಾವ ಬಂದಿದ್ದರು, ಬೆಂಗಳೂರಿನವರು. ಎಲ್ಲಾ ಗೊತ್ತಿರುವ ಭಾವ ಪ್ರತಿ ಮನೆಗೂ ಒಬ್ಬರು ಇರ್ತಾರೆ, ಅಲ್ವಾ? "ಎಐ ಹಾಕಿ 4ಕೆ ಮಾಡಿಬಿಡಿ" ಅಂದರು. ಇನ್ನೊಂದು ಕ್ಲಿಪ್ಪನ್ನು ಅವರೇ 'ಸರಿ ಮಾಡಿ' ತಂದಿದ್ದರು. ಸಮಾರಂಭಕ್ಕೆ ತಂದಿಟ್ಟ ಹಳೇ ಲ್ಯಾಪ್‌ಟಾಪಿನಲ್ಲಿ ಅದರ ದನಿ ಮಾತ್ರ ಕೇಳುತ್ತಿತ್ತಂತೆ, ಚಿತ್ರ ಕಪ್ಪು. ಫೈಲ್ ಹೆಸರಿನ ಕೊನೆಯಲ್ಲಿದ್ದ ಎಂಒವಿ ಅಳಿಸಿ ಎಂಪಿ4 ಎಂದು ಬರೆದಿದ್ದರು. ಆಮೇಲೂ ಕಪ್ಪೇ.

ನಾನು ಬೆಳೆಗಾರರ ಕಡೆ ತಿರುಗಿದೆ. ಮಂಡಿಗೆ ಹೋಗುವವರಿಗೆ ಇದನ್ನು ಹೇಳುವುದು ಸುಲಭ. ಎಂಪಿ4, ಎಂಒವಿ, ಎಂಕೆವಿ ಎಲ್ಲ ಬರೀ ಚೀಲ. ಚಿತ್ರ, ದನಿ ಎರಡನ್ನೂ ಒಟ್ಟಿಗೆ ಕಟ್ಟಿಡುವುದಷ್ಟೇ ಅವುಗಳ ಕೆಲಸ. ಒಳಗಿನ ಮಾಲು ಯಾವುದು ಎನ್ನುವುದು ಕೋಡೆಕ್, ಅಂದರೆ ಚಿತ್ರವನ್ನು ಕುಗ್ಗಿಸಿ ಬರೆಯುವ ವಿಧಾನ. 2003ರಲ್ಲಿ ಬಂದ ಎಚ್.264 ಹೆಚ್ಚುಕಡಿಮೆ ಎಲ್ಲ ಕಡೆ ಓಡುತ್ತದೆ. 2013ರ ಎಚ್.265 ಅಷ್ಟೇ ಚಿತ್ರವನ್ನು ಇನ್ನೂ ಕಡಿಮೆ ಜಾಗದಲ್ಲಿ ಹಿಡಿಸುತ್ತದೆ, ಆದರೆ ಅದನ್ನು ಬಿಚ್ಚುವುದು ಹಳೇ ಯಂತ್ರಕ್ಕೆ ಬರುವುದಿಲ್ಲ.

"ಚೀಲದ ಮೇಲೆ ಸರಕು ಅಂತ ಬರೆದರೆ ಒಳಗಿನ ಗೊರಬಲು ಸರಕಾಗ್ತದಾ?"

ಸರಕು ಅಂದರೆ ಅಡಿಕೆಯಲ್ಲಿ ಮೇಲ್ದರ್ಜೆ, ಗೊರಬಲು ಕೆಳದರ್ಜೆ. ಅವರು ನಕ್ಕರು. ಭಾವ ನಗಲಿಲ್ಲ.

ಭಾವನ ಕ್ಲಿಪ್ಪನ್ನು ಎಚ್.264ಕ್ಕೆ ಬದಲಿಸಲು ಐದು ನಿಮಿಷ ಸಾಕಾಯಿತು. ಅಜ್ಜನದ್ದೇ ಕಷ್ಟ. ಕೆಲಸ ಕಲಿಯಲು ಬರುವ ಹುಡುಗ ಅವರು ಹೋದ ಮೇಲೆ ಕೇಳಿದ, "ಪ್ರೊರೆಸ್ ಮಾಡಿದ್ರೆ ಕ್ವಾಲಿಟಿ ಬರತ್ತಾ ಸರ್?" ಒಳ್ಳೇ ಪ್ರಶ್ನೆ. ಪ್ರೊರೆಸ್ ಅಂದರೆ ಎಡಿಟಿಂಗಿಗೆ ಬಳಸುವ, ಜಾಸ್ತಿ ಜಾಗ ತಿನ್ನುವ ಕೋಡೆಕ್. ನಾನೂ ಮೊದಮೊದಲು ಹಾಗೇ ಅಂದುಕೊಂಡಿದ್ದೆ. ಫೈಲು 100 ಎಂಬಿ ದಾಟುತ್ತದೆ, ಎಡಿಟಿಂಗ್ ಮಾಡುವಾಗ ಕಂಪ್ಯೂಟರ್ ತಡವರಿಸುವುದಿಲ್ಲ, ಅಷ್ಟೇ. ಹೋದದ್ದು ಬರುವುದಿಲ್ಲ. ಬೇಯಿಸಿದ ಅಡಿಕೆ ಮತ್ತೆ ಹಸಿ ಆಗಲ್ಲ ಮಾರಾಯ ಅಂದೆ.

ಏನು ಹೋಗಿದೆ ಅಂತ ಅವನಿಗೆ ಫ್ರೇಮ್ ಫ್ರೇಮ್ ತೋರಿಸಿದೆ. ಎಚ್.264 ಪ್ರತಿ ಫ್ರೇಮನ್ನೂ ಪೂರ್ತಿ ಬರೆದಿಡುವುದಿಲ್ಲ. ಆಗಾಗ ಒಂದು ಪೂರ್ತಿ ಚಿತ್ರ, ಅದಾದ ಮೇಲೆ ಬದಲಾದದ್ದು ಎಷ್ಟೋ ಅಷ್ಟೇ. ಬಿಟ್‌ರೇಟ್, ಅಂದರೆ ಒಂದೊಂದು ಸೆಕೆಂಡಿಗೆ ಸಿಗುವ ಡೇಟಾ, ಇಷ್ಟು ಇಳಿದಾಗ ಆ 'ಬದಲಾದದ್ದನ್ನು' ಬರೆಯಲೂ ಜಾಗ ಸಾಲುವುದಿಲ್ಲ. ಅಲ್ಲಾಡದ ಗೋಡೆ ಚೆನ್ನಾಗಿಯೇ ಇದೆ. ಅಜ್ಜ ತಲೆ ತಿರುಗಿಸಿದಾಗಲೆಲ್ಲ ಕೆನ್ನೆ ಚೌಕ ಚೌಕ. ಹೆಗಲ ಮೇಲಿನ ಟವೆಲ್ಲಿನ ಗೆರೆ ಕರಗಿ ಒಂದೇ ಬಣ್ಣ. ಇಡೀ ವಿಡಿಯೊದಲ್ಲಿ ಜೀವ ಇದ್ದದ್ದು ಅಲ್ಲಾಡುತ್ತಿದ್ದ ಆ ಮನುಷ್ಯ ಒಬ್ಬರಲ್ಲೇ, ಹಾಳಾದದ್ದೂ ಅದೇ.

ಇದೇ ಒರಿಜಿನಲ್ ಸರ್. ರಾತ್ರಿ ಊಟಕ್ಕೆ ಕೂತಾಗಲೂ ಕಿವಿಯಲ್ಲಿ ಅದೇ. ಮೊದಲು ಸಿಟ್ಟು ಬಂದಿತ್ತು. ಒಂದು ಕೇಬಲ್ ಹಾಕಿ ಕಾಪಿ ಮಾಡಲು ಎಷ್ಟು ಹೊತ್ತು ಬೇಕು? ಡಾಕ್ಯುಮೆಂಟ್ ಅಂತ ಕಳಿಸಿದ್ದರೂ ಹಾಗೇ ಉಳಿಯುತ್ತಿತ್ತು. ಆಮೇಲೆ ಅನಿಸಿತು, ಅವರು ಹೇಳಿದ್ದರಲ್ಲಿ ಸುಳ್ಳೇನಿದೆ? ಇನ್ನೊಂದು ಪ್ರತಿ ಇಲ್ಲದ ಮೇಲೆ ಇದೇ ತಾನೇ ಒರಿಜಿನಲ್. ನಮ್ಮಮ್ಮ ಹಾಡಿದ ಸಂಪ್ರದಾಯದ ಹಾಡೊಂದು ಕ್ಯಾಸೆಟ್ಟಿನಲ್ಲಿತ್ತು. ನಮ್ಮ ಮಳೆಗಾಲಕ್ಕೆ ಟೇಪಿಗೆ ಬೂಷ್ಟು ಹಿಡಿಯಿತು. ನಾನೇನು ಮಾಡಿದೆ?

ಭಾವ ಹೇಳಿದ ಎಐ ಕೂಡ ಹಾಕಿ ನೋಡಿದೆ, ಸುಳ್ಳು ಯಾಕೆ ಹೇಳಲಿ. ಕೆನ್ನೆ ನುಣುಪಾಯಿತು, ಹಲ್ಲು ಸಾಲಾಗಿ ಬಂತು. ಯಾರೋ ಬೇರೆ ಮುದುಕ. ಅಳಿಸಿದೆ.

1920ಕ್ಕೆ 1080ರ ಟೈಮ್‌ಲೈನಿನಲ್ಲಿ 848ಕ್ಕೆ 480ರ ಚಿತ್ರ ಐದರಲ್ಲಿ ಒಂದು ಪಾಲು ಜಾಗ ತುಂಬುತ್ತದೆ. ನಾನು ಎಳೆದು ದೊಡ್ಡದು ಮಾಡಲಿಲ್ಲ. ಇದ್ದ ಅಳತೆಯಲ್ಲೇ ನಡುವೆ ಇಟ್ಟು ಸುತ್ತ ಕಪ್ಪು ಬಿಟ್ಟೆ. ದನಿ ಮಾತ್ರ ಅಷ್ಟು ಕೆಟ್ಟಿರಲಿಲ್ಲ. ಹಿಂದಿನ ಗುಂಯ್ ಅನ್ನುವ ಸದ್ದು ತಗ್ಗಿಸಿದೆ.

ಗುರುವಾರ ಬಂದು ನೋಡಿದರು. "ಯಾಕೆ ಇಷ್ಟು ಚಿಕ್ಕದು?" ಅಂತ ಭಾವ ಶುರು ಮಾಡಿದರು. ಬೆಳೆಗಾರರು ಕೈ ಎತ್ತಿ ಅವರನ್ನು ಸುಮ್ಮನಾಗಿಸಿ ಸ್ಕ್ರೀನಿನ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡರು. ಅಂಗಳದ ತುಂಬ ಅಡಿಕೆ ಹರವಿತ್ತು. ಅಜ್ಜ ಆಕಾಶ ನೋಡಿ, ಆಮೇಲೆ ನಮ್ಮ ಕಡೆ ತಿರುಗಿ ಗದರಿದರು: "ಎಂತ ಮಾಡ್ತಿದೀಯ ಅಲ್ಲಿ? ಮೋಡ ಆಗ್ತಿದೆ, ಬಾ, ಅಡಿಕೆ ತುಂಬು."