ಅಷ್ಟು ಸಣ್ಣ ದೇಶದ ಅಹ್ತಿಸಾರಿ ಮಾತನ್ನು ಯಾರು ಕೇಳಿದರು?

ದೇಶ ದೇಶಗಳ ಕಾಳಗ ನಿಲ್ಲಿಸಲು ಸಂಧಾನ ಮಾಡಿದ ಫಿನ್ಲೆಂಡ್‌ನ ಮಾರ್ಟಿ ಅಹ್ತಿಸಾರಿ ಹೆಸರು ಎತ್ತಿದರೆ ಸಾಕು, ಸ್ನೇಹಿತರು ಇದೇ ಪ್ರಶ್ನೆ ಕೇಳುತ್ತಾರೆ. "ಅಷ್ಟು ಸಣ್ಣ ದೇಶ. ಅಲ್ಲಿಂದ ಬಂದವರ ಮಾತಿಗೆ ಬಂದೂಕು ಹಿಡಿದವರು ಯಾಕೆ ಬೆಲೆ ಕೊಟ್ಟರು? ತುಂಬಾ ಮೃದು ಸ್ವಭಾವದವರಾ?"

ಮೃದು ಅಂತ ನನಗೆ ಅನ್ನಿಸಿಲ್ಲ. ಇಂಡೋನೇಷ್ಯಾದ ಅಚೆ ಪ್ರಾಂತ್ಯದ ಜಗಳವನ್ನೇ ನೋಡಿ. ಸ್ವತಂತ್ರ ದೇಶ ಬೇಕೆಂದ ಬಂಡಾಯಗಾರರಿಗೂ ಸರ್ಕಾರಕ್ಕೂ ಸುಮಾರು 30 ವರ್ಷದ ಕಾಳಗ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಅಚೆಯಲ್ಲೇ ಲಕ್ಷಕ್ಕೂ ಜಾಸ್ತಿ ಜನ ಹೋದರು. ಮರು ತಿಂಗಳೇ ಸರ್ಕಾರದವರೂ ಬಂಡಾಯಗಾರರೂ ಫಿನ್ಲೆಂಡ್‌ಗೆ ಬಂದು ಅಹ್ತಿಸಾರಿ ಮುಂದೆ ಕೂತರು. ಸ್ವತಂತ್ರ ದೇಶದ ಮಾತನ್ನೇ ಹಿಡಿದು ಕೂರುವುದಾದರೆ ನನ್ನ ಸಮಯ ಹಾಳು ಮಾಡಬೇಡಿ ಎಂಬುದು ಬಂಡಾಯಗಾರರ ಎದುರು ಅಹ್ತಿಸಾರಿಯ ನಿಲುವು. ಸ್ವಯಮಾಡಳಿತದ ಬಗ್ಗೆ ಮಾತ್ರ ಚರ್ಚೆ. ಇನ್ನೊಂದು ಷರತ್ತೂ ಇತ್ತು: ಎಲ್ಲ ವಿಷಯವೂ ಬಗೆಹರಿಯುವ ತನಕ ಯಾವುದೂ ಬಗೆಹರಿದಂತಲ್ಲ. ಹಾಗಾಗಿ ಒಪ್ಪಿದ್ದನ್ನು ಜೇಬಿಗೆ ಹಾಕಿಕೊಂಡು ಎದ್ದು ಹೋಗುವ ದಾರಿಯೇ ಇರಲಿಲ್ಲ.

ಐದು ಸುತ್ತಿನ ಮಾತು. 2005ರ ಆಗಸ್ಟ್ 15ರಂದು ಹೆಲ್ಸಿಂಕಿಯಲ್ಲಿ ಸಹಿ ಬಿತ್ತು. ಒಪ್ಪಂದದಲ್ಲಿ ಆಯುಧಗಳ ಲೆಕ್ಕವೂ ಇತ್ತು: 840. ಅಷ್ಟನ್ನೂ ಬಂಡಾಯಗಾರರು ಒಪ್ಪಿಸಬೇಕು, ಅಚೆಯ ಹೊರಗಿನಿಂದ ಬಂದ ಸರ್ಕಾರಿ ಸೈನ್ಯ ವಾಪಸ್ ಹೋಗಬೇಕು. ಸುನಾಮಿ ಆಗದಿದ್ದರೆ ಇಷ್ಟು ಬೇಗ ಮುಗಿಯುತ್ತಿತ್ತಾ? ನನಗೆ ಅನುಮಾನ.

ಅಹ್ತಿಸಾರಿಯ ಹಿನ್ನೆಲೆಯೂ ವಿಚಿತ್ರ. ಹುಟ್ಟಿದ್ದು 1937ರಲ್ಲಿ, ಆಗ ಫಿನ್ಲೆಂಡ್‌ನದೇ ಆಗಿದ್ದ ವೀಪುರಿ ಊರಿನಲ್ಲಿ. ಯುದ್ಧದಲ್ಲಿ ಊರು ಸೋವಿಯತ್ ಪಾಲಾಯಿತು, ಇವರ ಮನೆಯವರು ನಿರಾಶ್ರಿತರಾದರು. ಓದಿದ್ದು ಪ್ರೈಮರಿ ಮೇಷ್ಟ್ರ ತರಬೇತಿ. ಅರವತ್ತರ ದಶಕದ ಶುರುವಿನಲ್ಲಿ ಕೆಲಸಕ್ಕೆ ಹೋದದ್ದು, ನಂಬಿ, ಕರಾಚಿಗೆ! ವಿದೇಶಾಂಗ ಇಲಾಖೆ ಸೇರಿದ್ದು ಆಮೇಲೆ, 1965ರಲ್ಲಿ. 1973ರಲ್ಲಿ ಟಾಂಜಾನಿಯಾಕ್ಕೆ ರಾಯಭಾರಿ.

ದಕ್ಷಿಣ ಆಫ್ರಿಕಾದ ಹಿಡಿತದಲ್ಲಿದ್ದ ನಮೀಬಿಯಾದ ಜವಾಬ್ದಾರಿಯನ್ನು ವಿಶ್ವಸಂಸ್ಥೆ ವಹಿಸಿದ್ದು 1977ರಲ್ಲಿ. ಅದು ಮುಗಿಯಲು 13 ವರ್ಷ ಬೇಕಾಯಿತು. ಅಲ್ಲಿ ಅವರ ಜೊತೆ ವಿಶ್ವಸಂಸ್ಥೆಯ ಪಡೆಯ ದಂಡನಾಯಕರಾಗಿದ್ದವರು ನಮ್ಮ ಭಾರತದ ದಿವಾನ್ ಪ್ರೇಮ್ ಚಂದ್. 1989ರ ಏಪ್ರಿಲ್ 1, ಕದನ ವಿರಾಮದ ಮೊದಲ ದಿನ. ವಿಶ್ವಸಂಸ್ಥೆಯ ಸೈನಿಕರು ಇನ್ನೂ ಪೂರ್ತಿ ಬಂದೇ ಇರಲಿಲ್ಲ. ನಮೀಬಿಯಾದ ಸ್ವಾತಂತ್ರ್ಯಕ್ಕೆ ಹೋರಾಡುತ್ತಿದ್ದ ಸ್ವಾಪೋ ಸಂಘಟನೆಯ ಹೋರಾಟಗಾರರು ಪಕ್ಕದ ಅಂಗೋಲಾದಿಂದ ಗಡಿ ದಾಟಿದರು. ದಕ್ಷಿಣ ಆಫ್ರಿಕಾದ ಪಡೆಗಳು ಶಿಬಿರದಿಂದ ಹೊರಬರಲು ಅಹ್ತಿಸಾರಿ ಒಪ್ಪಿದರು. ನೂರಾರು ಹೋರಾಟಗಾರರು ಸತ್ತರು. ಅಹ್ತಿಸಾರಿಯನ್ನು ಹೊಗಳುವವರು ಇದನ್ನು ಹಾರಿಸಿಬಿಡುತ್ತಾರೆ. ಆದರೂ ನವೆಂಬರ್‌ನಲ್ಲಿ ಚುನಾವಣೆ ನಡೆಯಿತು, 1990ರ ಮಾರ್ಚ್ 21ಕ್ಕೆ ದೇಶ ಸ್ವತಂತ್ರವಾಯಿತು. ನಮೀಬಿಯಾ ಅವರಿಗೆ ಗೌರವ ಪೌರತ್ವ ಕೊಟ್ಟಿತು.

1994ರಿಂದ 2000ದವರೆಗೆ ಫಿನ್ಲೆಂಡ್‌ನ ಅಧ್ಯಕ್ಷರಾಗಿದ್ದರು, 2008ರಲ್ಲಿ ನೊಬೆಲ್ ಬಂತು, 2023ರಲ್ಲಿ ತೀರಿಕೊಂಡರು.

ಇನ್ನು ಸೆರ್ಬಿಯಾದಿಂದ ಬೇರೆಯಾಗಲು ಹೊರಟಿದ್ದ ಕೊಸೊವೊ. 2007ರಲ್ಲಿ ಅವರು ಮುಂದಿಟ್ಟ ಯೋಜನೆ, ಅಂತಾರಾಷ್ಟ್ರೀಯ ನಿಗಾದ ಅಡಿಯಲ್ಲಿ ಸ್ವಾತಂತ್ರ್ಯ. ಸೆರ್ಬಿಯಾ ಒಪ್ಪಲಿಲ್ಲ, ರಷ್ಯಾ ಅದರ ಬೆನ್ನಿಗೆ ನಿಂತಿತು. ನೀವು ಕೇಳುವ ಪ್ರಶ್ನೆಯನ್ನೇ ಸೆರ್ಬಿಯಾದಲ್ಲಿ ಕೇಳಿ ನೋಡಿ. ಅವರ ಮಾತನ್ನು ಯಾರು ಕೇಳಿದರೋ ಬಿಡಿ, ಅವರು ನಮ್ಮ ಮಾತನ್ನು ಎಲ್ಲಿ ಕೇಳಿಸಿಕೊಂಡರು ಅಂತ ಬಹಳ ಜನ ತಿರುಗಿ ಕೇಳಿಯಾರು.