ಹೊಸೂರಿನ ಚಳಿಯಲ್ಲಿ ಟಾಪ್ ತೆಗೆದು ಓಡಿಸುವವರಿಗೆ

ನಮ್ಮ ಕಡೆ ಓಪನ್ ಕಾರಿಗೆ ಚಳಿಗಾಲವೇ ಸರಿಯಾದ ಕಾಲ. ಹೇಳಿದರೆ ತುಂಬಾ ಜನ ನಂಬುವುದಿಲ್ಲ, ಆದರೆ ವರ್ಷವನ್ನು ಒಂದು ಸಲ ತಿರುವಿ ನೋಡಿ. ಮಾರ್ಚ್‌ನಿಂದ ಮೇ ತನಕ ಬೆಳಗ್ಗೆ ಒಂಬತ್ತು ದಾಟಿದರೆ ನೆತ್ತಿ ಸುಡುತ್ತದೆ. ಜೂನ್ ಬಂದರೆ ಮೋಡ, ಯಾವಾಗ ಹನಿ ಬೀಳುತ್ತದೋ ಗೊತ್ತಿಲ್ಲ, ಹಿಂಗಾರು ಮಳೆ ಅಕ್ಟೋಬರ್, ನವೆಂಬರ್‌ನಲ್ಲೂ ಬಿಡುವುದಿಲ್ಲ. ಉಳಿದದ್ದು ಡಿಸೆಂಬರ್‌ನಿಂದ ಫೆಬ್ರವರಿ. ಆಕಾಶ ತಿಳಿ, ಬಿಸಿಲು ಹಿತ, ದಾರಿಯಲ್ಲಿ ಧೂಳೂ ಕಡಿಮೆ. ಆದರೆ ಬೆಳಗ್ಗೆ ಆರೂವರೆಗೆ ಹೊಸೂರಿನಿಂದ ತಳಿ ರಸ್ತೆ ಹಿಡಿದರೆ ಹಲ್ಲು ಕಟಕಟ ಅನ್ನುತ್ತದೆ. ಬ್ರಿಟಿಷರು ತಳಿಯನ್ನು ಲಿಟಲ್ ಇಂಗ್ಲೆಂಡ್ ಅಂತ ಕರೆದದ್ದು ಸುಮ್ನೆ ಅಲ್ಲ.

ನನ್ನದು ಸ್ಯಾನ್ ಸ್ಟಾರ್ಮ್. ಎರಡೇ ಸೀಟು, ಫೈಬರ್ ಬಾಡಿ, ರೆನೋದ 1149 ಸಿಸಿ ಎಂಜಿನ್. ಗೋವಾದಲ್ಲಿ ತಯಾರಾಗುತ್ತಿದ್ದ ಗಾಡಿ, ಈಗ ಕಾಣಸಿಗುವುದೇ ಅಪರೂಪ. ಬಂಕಿನಲ್ಲಿ ನಿಲ್ಲಿಸಿದರೆ ತಮಿಳು, ತೆಲುಗು, ಕನ್ನಡ ಮೂರರಲ್ಲೂ ಬರುವುದು ಒಂದೇ ಪ್ರಶ್ನೆ: "ಚಳಿ ಆಗಲ್ವಾ ಸಾರ್?"

ಆಗುತ್ತದೆ. ಆದರೆ ನಡುಗಿಸುವುದು ಗಾಳಿ. 2001ರಲ್ಲಿ ಅಮೆರಿಕ ಮತ್ತು ಕೆನಡಾದವರು ಒಪ್ಪಿಕೊಂಡ ಒಂದು ಲೆಕ್ಕ ಇದೆ. ಅದರ ಪ್ರಕಾರ 10 ಡಿಗ್ರಿಯ ಹವೆಯಲ್ಲಿ ಗಂಟೆಗೆ 60 ಕಿಲೋಮೀಟರ್ ಗಾಳಿ ಬೀಸಿದರೆ ಬರೀ ಚರ್ಮಕ್ಕೆ ಅದು 5 ಡಿಗ್ರಿಯ ಹಾಗೆ ತಾಗುತ್ತದೆ. ಹಾಗಾಗಿ ಬಟ್ಟೆಯ ಮೇಲೆ ಬಟ್ಟೆ ಹಾಕುವ ಮೊದಲು ಗಾಡಿಯೊಳಗೆ ಗಾಳಿ ಎಲ್ಲಿಂದ ಬರುತ್ತಿದೆ ಅಂತ ಹುಡುಕಿ.

ಮುಂದಿನಿಂದ ಬರುತ್ತದೆ ಅಂತ ಅನಿಸುತ್ತದೆ ಅಲ್ವಾ? ಬಹುಪಾಲು ಹಿಂದಿನಿಂದ ಬರುತ್ತದೆ. ಮುಂದಿನ ಗಾಜು ಗಾಳಿಯನ್ನು ತಲೆಯ ಮೇಲಿಂದ ಹಾರಿಸಿ ಕಳಿಸುತ್ತದೆ, ಆಗ ಗಾಜಿನ ಹಿಂದೆ, ನಾವು ಕೂತಿರುವ ಜಾಗದಲ್ಲಿ ಒತ್ತಡ ಕಡಿಮೆಯಾಗುತ್ತದೆ, ಅದನ್ನು ತುಂಬಲು ಡಿಕ್ಕಿಯ ಕಡೆಯ ಗಾಳಿ ಸುತ್ತು ಹಾಕಿ ಎರಡು ಸೀಟುಗಳ ನಡುವೆ ನುಗ್ಗುತ್ತದೆ. ಎದೆಗೆ ಎಷ್ಟು ದಪ್ಪ ಜಾಕೆಟ್ ಇದ್ದರೂ ಮೊದಲು ತಣ್ಣಗಾಗುವುದು ಕುತ್ತಿಗೆಯ ಹಿಂಭಾಗ. ಮರ್ಸಿಡಿಸ್‌ನವರು 2004ರ ಎಸ್‌ಎಲ್‌ಕೆ ಕಾರಿಗೆ ಏರ್‌ಸ್ಕಾರ್ಫ್ ಅಂತ ಇಟ್ಟರಲ್ಲ, ಸೀಟಿನ ಮೇಲ್ಭಾಗದಿಂದ ಕುತ್ತಿಗೆಗೆ ಬಿಸಿಗಾಳಿ ಊದುವ ವ್ಯವಸ್ಥೆ, ಅದು ಇದೇ ಕಾರಣಕ್ಕೆ.

ನಮಗೆ ಅಷ್ಟೆಲ್ಲ ಬೇಡ. ಸೀಟುಗಳ ಹಿಂದೆ ಭುಜದ ಎತ್ತರಕ್ಕಿಂತ ಸ್ವಲ್ಪ ಮೇಲೆ ಬರುವ ಹಾಗೆ ಒಂದು ಅಡ್ಡಪಟ್ಟಿ ಸಾಕು. ಕಬ್ಬಿಣದ ಫ್ರೇಮ್‌ಗೆ ಬಿಗಿಯಾದ ಜಾಲರಿ ಕಟ್ಟಿಸಿ. ಜಾಲರಿ ಗಾಳಿಯ ವೇಗ ಮುರಿಯುತ್ತದೆ, ಕನ್ನಡಿಯಲ್ಲಿ ಹಿಂದಿನ ಗಾಡಿಯೂ ಕಾಣುತ್ತದೆ. ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಸುತ್ತ ಫ್ಯಾಬ್ರಿಕೇಷನ್ ಅಂಗಡಿಗಳಿಗೆ ಬರವೇ ಇಲ್ಲ, ಅಳತೆ ಕೊಟ್ಟರೆ ಮಾಡಿಕೊಡುತ್ತಾರೆ. ಮಾಮೂಲಿ ಗಾಜು ಮಾತ್ರ ಹಾಕಿಸಬೇಡಿ, ತಲೆಯ ಹಿಂದೆ ಒಡೆಯುವ ವಸ್ತು ಇರಬಾರದು. ಇನ್ನು ಪಕ್ಕದ ಗಾಜುಗಳು. ಟಾಪ್ ತೆಗೆದು ಗಾಜು ಏರಿಸಿಕೊಂಡರೆ ನೋಡಲು ಚೆನ್ನಾಗಿರಲ್ಲ ಅನ್ನುವವರಿದ್ದಾರೆ. ನೋಡುವವರು ರಸ್ತೆಯಲ್ಲಿ, ಚಳಿ ನಮಗೆ. ಏರಿಸಿ.

ಹೀಟರ್ ಇರುವ ಗಾಡಿಯಾದರೆ ಅದನ್ನು ಕಾಲಿನ ಕಡೆಗೆ ತಿರುಗಿಸಿ, ಬಿಸಿ ತಾನಾಗಿ ಮೇಲೆ ಬರುತ್ತದೆ. ಹೀಟರ್‌ಗೆ ಬಿಸಿ ಕೊಡುವುದು ಎಂಜಿನ್ ಸುತ್ತ ಹರಿಯುವ ನೀರು. ಎಂಜಿನ್ ಕಾಯುವ ತನಕ ಅದರಿಂದ ಬರುವುದೂ ತಣ್ಣನೆ ಗಾಳಿಯೇ, ಅದಕ್ಕೇ ಮೊದಲ ನಾಲ್ಕೈದು ಕಿಲೋಮೀಟರ್ ಫ್ಯಾನ್ ಆಫ್ ಇಡಿ.

ಬಟ್ಟೆಯ ವಿಷಯ ಚಿಕ್ಕದು. ಒಳಗೆ ಮೈಗೆ ಅಂಟಿದ ಥರ್ಮಲ್, ಅದರ ಮೇಲೆ ಸ್ವೆಟರ್, ಹೊರಗೆ ಗಾಳಿ ತೂರದ ಜಾಕೆಟ್. ಜಾಕೆಟ್ ದಪ್ಪವಾದಷ್ಟೂ ಸೀಟ್ ಬೆಲ್ಟ್ ಸಡಿಲ ಕೂರುತ್ತದೆ, ಅದನ್ನು ಜಾಕೆಟ್ ಕೆಳಗೆ ಸೊಂಟಕ್ಕೆ ತಾಗುವ ಹಾಗೆ ಎಳೆದುಕೊಳ್ಳಿ. ಉಣ್ಣೆಯ ಗ್ಲೌಸ್ ಸ್ಟಿಯರಿಂಗ್ ಮೇಲೆ ಜಾರುತ್ತದೆ, ತೆಳು ಚರ್ಮದ್ದು ಒಳ್ಳೆಯದು. ಕಣ್ಣಿಗೆ ಬಣ್ಣವಿಲ್ಲದ ಕನ್ನಡಕ ಬೇಕೇ ಬೇಕು, ಗಾಳಿಗೆ ನೀರು ಸುರಿದರೆ ರಸ್ತೆ ಕಾಣಲ್ಲ.

ಕಾಲಿಗೆ ಮಾತ್ರ ನನ್ನ ಮಟ್ಟಿಗೆ ಕಂಬಳಿಗೆ ಸಮ ಯಾವುದೂ ಇಲ್ಲ. ಅಂಗಡಿಯ ಮೆತ್ತನೆ ಬ್ಲಾಂಕೆಟ್ ಅಲ್ಲ, ಕುರುಬರು ನೇಯುವ ಚುಚ್ಚುವ ಕರಿ ಕಂಬಳಿ. ಕೊಟ್ಟಿದ್ದು ಅಮ್ಮ. "ಅಟ್ಟಣೆ ಮೇಲೆ ರಾಗಿ ಹೊಲ ಕಾಯೋರು ರಾತ್ರಿಯೆಲ್ಲ ಇದನ್ನೇ ಹೊದ್ಕೊಂಡು ಕೂತಿರ್ತಿದ್ರು, ನಿಂದೇನಪ್ಪ ಎರಡು ಗಂಟೆ" ಅಂದರು. ಕುರಿಯ ಉಣ್ಣೆ ಮಂಜಿನಲ್ಲಿ ಸ್ವಲ್ಪ ನೆಂದರೂ ಬೆಚ್ಚಗಿಡುತ್ತದೆ, ಹತ್ತಿ ಬಟ್ಟೆ ನೆಂದರೆ ಮೈಯ ಬಿಸಿಯನ್ನೇ ಎಳೆದುಕೊಳ್ಳುತ್ತದೆ. ಕಾರುಗಳೆಲ್ಲ ಓಪನ್ ಆಗಿದ್ದ ಕಾಲದಲ್ಲಿ ಯುರೋಪಿನವರೂ ಮಂಡಿಗೆ ಉಣ್ಣೆಯ ಹೊದಿಕೆ ಹಾಕಿಕೊಂಡೇ ಹೊರಡುತ್ತಿದ್ದರು. ಕಂಬಳಿಯನ್ನು ಓಡಿಸುವವರು ಮಂಡಿಯ ತನಕ ಮಾತ್ರ ಹೊದ್ದು ಅಂಚನ್ನು ತೊಡೆಯ ಕೆಳಗೆ ಸಿಕ್ಕಿಸಬೇಕು, ಪೆಡಲ್ ಹತ್ತಿರ ಅದರ ಎಳೆಯೂ ಇಳಿಯಬಾರದು. ಪಕ್ಕದಲ್ಲಿ ಕೂತವರಿಗೆ ಇಡೀ ಕಂಬಳಿ ಕೊಟ್ಟುಬಿಡಿ. ಕೈಕಾಲು ಆಡಿಸದೆ ಕೂರುವುದರಿಂದ ಅವರಿಗೇ ಚಳಿ ಜಾಸ್ತಿ.

ಕುತ್ತಿಗೆಗೆ ಉದ್ದನೆಯ ಮಫ್ಲರ್ ಸುತ್ತಿ ತುದಿ ಹಾರಲು ಬಿಡುವ ಶೋಕಿ ದಯವಿಟ್ಟು ಬೇಡ. ನೃತ್ಯಗಾತಿ ಇಸಡೋರಾ ಡಂಕನ್ 1927ರಲ್ಲಿ ಫ್ರಾನ್ಸಿನ ನೀಸ್‌ನಲ್ಲಿ ತೀರಿಕೊಂಡದ್ದು ಓಪನ್ ಕಾರಿನ ಚಕ್ರಕ್ಕೆ ಅವರ ರೇಷ್ಮೆ ಸ್ಕಾರ್ಫ್ ಸಿಕ್ಕಿಕೊಂಡು. ಮಂಕಿ ಕ್ಯಾಪ್ ಹಾಕಿ. ಕಿವಿ, ಕುತ್ತಿಗೆ, ಗದ್ದ ಎಲ್ಲಾ ಒಂದರಲ್ಲೇ ಮುಚ್ಚುತ್ತದೆ, ಹಾರುವ ತುದಿ ಇಲ್ಲ.

ಮನೆಯಲ್ಲೇ ಟಾಪ್ ಬಿಚ್ಚುವಾಗ ಅವಸರ ಮಾಡಬೇಡಿ. ಬಟ್ಟೆಯ ಟಾಪ್‌ನಲ್ಲಿ ಹಿಂದಿನ ಕಿಟಕಿ ಪ್ಲಾಸ್ಟಿಕ್ ಆಗಿದ್ದರೆ ಚಳಿಗೆ ಅದು ಬಿರುಸಾಗಿರುತ್ತದೆ, ಮಡಿಸಿದರೆ ಗೆರೆ ಬಿದ್ದು ಸೀಳುತ್ತದೆ. ಇಬ್ಬನಿಯನ್ನು ಒರೆಸಿ, ಒಣಗಿಸಿ, ಆಮೇಲೆ ಮಡಿಸಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ.

ಇಷ್ಟೆಲ್ಲ ಯಾಕೆ ಅಂತ ಕೇಳಿದರೆ, ಜನವರಿಯಲ್ಲಿ ಕೆಳಮಂಗಲದ ಕಡೆ ಅವರೆ ಹೊಲದ ಪಕ್ಕ ಒಂದು ಸಲ ಟಾಪ್ ತೆಗೆದು ಹೋಗಿ ಬನ್ನಿ. ಇಬ್ಬನಿ ಬಿದ್ದ ಅವರೆಯ ಸೊಗಡು ಗಾಡಿಯೊಳಗೆ ತುಂಬಿಕೊಳ್ಳುತ್ತದೆ. ಮುಂದೆ ಗುಲಾಬಿಯ ಪಾಲಿಹೌಸ್‌ಗಳು, ಆಮೇಲೆ ಸೌದೆ ಒಲೆಯ ಹೊಗೆ, ಆಮೇಲೆ ಯಾರೋ ಬೆಲ್ಲದ ಕಾಫಿ ಕಾಯಿಸುತ್ತಿರುವುದು. ಗಾಜು ಮುಚ್ಚಿದ ಕಾರಿನಲ್ಲಿ ಇದೇ ದಾರಿಯಲ್ಲಿ ವರ್ಷಗಟ್ಟಲೆ ಓಡಾಡಿದ್ದೇನೆ, ಇದ್ಯಾವುದೂ ಮೂಗಿಗೆ ಬಂದಿರಲಿಲ್ಲ.

ದಾರಿಯ ಬಗ್ಗೆ ಎರಡು ಮಾತು. ಚಳಿಗಾಲದಲ್ಲಿ ಬನ್ನೇರುಘಟ್ಟದ ಕಡೆಯಿಂದ ಆನೆ ಹಿಂಡುಗಳು ನಮ್ಮ ರಾಗಿ ಹೊಲಗಳಿಗೆ ಇಳಿಯುತ್ತವೆ. ಜವಳಗಿರಿ, ಡೆಂಕಣಿಕೋಟೆ ಕಾಡಿನ ಅಂಚಿಗೆ ಬಿಸಿಲು ಚೆನ್ನಾಗಿ ಏರಿದ ಮೇಲೆ ಹೋಗಿ, ಟಾಪ್ ಹಾಕಿಕೊಂಡು ಹೋಗಿ, ಫೋಟೋ ಅಂತ ನಿಲ್ಲಿಸಬೇಡಿ. ಇನ್ನೊಂದು ಒಕ್ಕಣೆ. ಈ ತಿಂಗಳುಗಳಲ್ಲಿ ರಸ್ತೆ ಮೇಲೇ ರಾಗಿ, ಹುರುಳಿ ಹರಡಿರುತ್ತಾರೆ. ಅದರ ಮೇಲೆ ಹತ್ತಿಸಿದರೆ ಹೊಟ್ಟು, ಧೂಳು ಎಲ್ಲಾ ಕಣ್ಣು, ಮೂಗಿಗೆ. ಅದಕ್ಕಿಂತ ಅಪಾಯ ಹುರುಳಿ ಬಳ್ಳಿ, ಚಕ್ರದ ಶಾಫ್ಟ್‌ಗೆ ಸುತ್ತಿಕೊಂಡು, ಬಿಸಿ ಸೈಲೆನ್ಸರ್‌ಗೆ ತಾಗಿ ಕಾರುಗಳು ಹೊತ್ತಿ ಉರಿದದ್ದಿದೆ, ನಮ್ಮಂಥ ತಗ್ಗು ಗಾಡಿಗೆ ಇನ್ನೂ ಬೇಗ. ಕಂಡ ಕೂಡಲೇ ನಿಲ್ಲಿಸಿ ಕೇಳಿ, ಒಕ್ಕುವವರೇ ಒಂದು ಬದಿ ಸರಿಸಿ ದಾರಿ ಮಾಡಿಕೊಡುತ್ತಾರೆ. ದಾಟಿದ ಮೇಲೆ ಇಳಿದು ಗಾಡಿಯ ಕೆಳಗೆ ಬಗ್ಗಿ ನೋಡಿ, ಒಂದು ಎಳೆ ಕಂಡರೂ ಎಂಜಿನ್ ಆಫ್ ಮಾಡಿ ಕಿತ್ತು ಹಾಕಿಯೇ ಹೊರಡಿ.