ಫೆರೋಎಲೆಕ್ಟ್ರಿಕ್ ಪದರ, ಮೂರನೇ ವಾರ: ದುಂಡಗಾದ ಗ್ರಾಫ್ ನನ್ನದೇ ತಪ್ಪು

ಕಳೆದ ವಾರ ಖುಷಿಯಿಂದ ಎತ್ತಿಟ್ಟಿದ್ದ ಗ್ರಾಫನ್ನು ಇವತ್ತು ಅಳಿಸಿ ಹಾಕಿದೆ.

ಹೊಸಬರಿಗೆ ಎರಡು ಮಾತು. ಬೇರಿಯಂ ಟೈಟನೇಟ್‌ನಂಥ ಫೆರೋಎಲೆಕ್ಟ್ರಿಕ್ ಹರಳಿನಲ್ಲಿ ವೋಲ್ಟೇಜ್ ಕೊಡದಿದ್ದರೂ ಧ್ರುವೀಕರಣ, ಅಂದರೆ ಧನ ಮತ್ತು ಋಣ ಚಾರ್ಜ್‌ಗಳು ತುಸು ಸರಿದು ನಿಂತ ಸ್ಥಿತಿ, ಇರುತ್ತದೆ. ಸುಮಾರು 120 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮಾಯ. ಅದೇ ಕ್ಯೂರಿ ತಾಪಮಾನ. ಪದರ ತೆಳುವಾದಷ್ಟೂ ಈ ತಾಪಮಾನ ಮತ್ತು ಉಷ್ಣಧಾರಣೆ (ಒಂದು ಡಿಗ್ರಿ ಕಾಯಿಸಲು ಬೇಕಾದ ಶಾಖ) ಏನಾಗುತ್ತವೆ ಅಂತ ಪೈಥಾನ್‌ನಲ್ಲಿ ನೋಡುತ್ತಿದ್ದೇನೆ. ಹರಳಿನ ಶಕ್ತಿಯನ್ನು ಧ್ರುವೀಕರಣದ ಘಾತಗಳಲ್ಲಿ ಬರೆಯುವ ಲ್ಯಾಂಡೌ ಮಾದರಿ, ನಾಲ್ಕನೇ ಘಾತದವರೆಗೆ. ಎರಡೂ ಮೇಲ್ಮೈಗಳಲ್ಲಿ ಧ್ರುವೀಕರಣ ಸೊನ್ನೆ. ಅದು ಪದರದಲ್ಲಿ ಅಡ್ಡಡ್ಡ ಮಲಗಿದೆ ಎಂದುಕೊಂಡಿದ್ದೇನೆ. ನೆಟ್ಟಗೆ ನಿಂತಿದ್ದರೆ ಮೇಲ್ಮೈಯ ಚಾರ್ಜ್‌ನಿಂದ ಎದುರು ಕ್ಷೇತ್ರ ಹುಟ್ಟುತ್ತದೆ. ಆ ರಗಳೆ ಈಗಲೇ ಬೇಡ.

ಮೊದಲ ವಾರದ್ದು ಹೇಳಿಕೊಳ್ಳಲು ನಾಚಿಕೆ. ಧ್ರುವೀಕರಣ ಸೊನ್ನೆ ಅಂತ ಶುರು ಮಾಡಿದ್ದೆ, ರಾತ್ರಿಯಿಡೀ ಓಡಿಸಿದರೂ ಸೊನ್ನೆಯೇ ಬಂತು. ಸೊನ್ನೆಯೂ ಸಮೀಕರಣಕ್ಕೆ ಒಂದು ಉತ್ತರ ಅಲ್ವಾ!

ಎರಡನೇ ವಾರ ಕ್ಯೂರಿ ತಾಪಮಾನ ಸರಿಯಾಗಿ ಸಿಕ್ಕಿತು. ದಪ್ಪವನ್ನು ಮಾದರಿಯ ಕೊರಿಲೇಶನ್ ಉದ್ದದಲ್ಲಿ (ಧ್ರುವೀಕರಣ ಬದಲಾಗಲು ಸುಮಾರಾಗಿ ಬೇಕಾಗುವ ದೂರ) ಅಳೆದರೆ, ದಪ್ಪ 20 ಇದ್ದಾಗ ಅದು ದೊಡ್ಡ ಹರಳಿನದ್ದರ 0.975 ಪಾಲು, ಕೆಲ್ವಿನ್ ಲೆಕ್ಕದಲ್ಲಿ. 10 ಆದರೆ 0.901. 5 ಆದರೆ 0.605. ದಪ್ಪ 3.14ಕ್ಕೆ, ಅಂದರೆ ಪೈಗೆ ಇಳಿದರೆ ಕಥೆ ಮುಗಿಯಿತು. ಇಳಿಕೆ ದಪ್ಪದ ವರ್ಗಕ್ಕೆ ವಿಲೋಮ. ನಿಜವಾದ ಪದರಗಳು ಇಷ್ಟು ಸಾಧುವಲ್ಲ. ತಳದ ಹರಳು ಹಿಂಡಿದ್ದರಿಂದ ಬೇರಿಯಂ ಟೈಟನೇಟ್ ಪದರದ ಕ್ಯೂರಿ ತಾಪಮಾನ ಸುಮಾರು 500 ಡಿಗ್ರಿ ಏರಿದ್ದು 2004ರಲ್ಲೇ ವರದಿಯಾಗಿದೆ. ನನ್ನ ಮಾದರಿಯಲ್ಲಿ ಆ ಒತ್ತಡ ಇಲ್ಲ.

ಈಗ ಆ ಗ್ರಾಫ್. ದೊಡ್ಡ ಹರಳಿಗೆ ಉಷ್ಣಧಾರಣೆ ಕ್ಯೂರಿ ತಾಪಮಾನದಲ್ಲಿ ಗೋಡೆಯಂತೆ ಬೀಳಬೇಕು. ನನ್ನ ತೆಳು ಪದರಕ್ಕೆ ದುಂಡಗೆ ಇಳಿಯಿತು. ಪ್ರಯೋಗಗಳಲ್ಲೂ ತೆಳು ಪದರಗಳಲ್ಲಿ ಹೀಗೇ ಕಾಣುವುದರಿಂದ ಕುಣಿದಾಡಿದೆ. ಆಮೇಲೆ ಸುಮ್ನೆ, ಉತ್ತರವನ್ನು ಸ್ವಲ್ಪ ಸ್ವಲ್ಪವೇ ತಿದ್ದುವ ಸುತ್ತುಗಳನ್ನು ದುಪ್ಪಟ್ಟು ಮಾಡಿದೆ. ದುಂಡು ಕಮ್ಮಿಯಾಯಿತು! ಆ ತಾಪಮಾನದ ಹತ್ತಿರ ಧ್ರುವೀಕರಣ ಆಮೆಯಂತೆ ತೆವಳುತ್ತದೆ. ಒಂದು ಸುತ್ತಿನಲ್ಲಿ ಬದಲಾವಣೆ ತೀರಾ ಸಣ್ಣದಾದರೆ ನಿಲ್ಲು ಅಂತ ಬರೆದಿದ್ದೆ, ಅದು ಗುರಿ ಮುಟ್ಟುವ ಮೊದಲೇ ನಿಲ್ಲುತ್ತಿತ್ತು.

ಇಳಿಜಾರು ನೋಡಿ ಉತ್ತರದ ಕಡೆ ಜಿಗಿಯುವ ನ್ಯೂಟನ್ ವಿಧಾನಕ್ಕೆ ಬದಲಾಯಿಸಿದೆ. ದಪ್ಪ 5ಕ್ಕೂ ಗೋಡೆ ನೆಟ್ಟಗೆ ನಿಂತಿತು, ಗಿಡ್ಡ ಅಷ್ಟೇ. ಎಷ್ಟು ಗಿಡ್ಡ? ಉಷ್ಣಧಾರಣೆಯನ್ನು ತಾಪಮಾನದಿಂದ ಭಾಗಿಸಿ ನೋಡಿದರೆ, ಯಾವ ದಪ್ಪಕ್ಕೂ ದೊಡ್ಡ ಹರಳಿನ ಮೂರರಲ್ಲಿ ಎರಡು ಪಾಲು. ನಂಬಿಕೆ ಬರದೆ ಕಾಗದದ ಮೇಲೆ ಮಾಡಿದೆ. ಕ್ಯೂರಿ ತಾಪಮಾನದ ಸ್ವಲ್ಪ ಕೆಳಗೆ ಧ್ರುವೀಕರಣ ಅರ್ಧ ಸೈನ್ ಅಲೆ. ಅದರ ವರ್ಗದ ಸರಾಸರಿ 1/2, ನಾಲ್ಕನೇ ಘಾತದ್ದು 3/8. ಮೊದಲನೆಯದರ ವರ್ಗವನ್ನು ಎರಡನೆಯದರಿಂದ ಭಾಗಿಸಿದರೆ 2/3. ಈ ಪ್ರಾಜೆಕ್ಟ್‌ನಲ್ಲಿ ಇಲ್ಲಿಯವರೆಗೆ ಇದಕ್ಕಿಂತ ಜಾಸ್ತಿ ಖುಷಿ ಕೊಟ್ಟದ್ದು ಬೇರೆ ಇಲ್ಲ.

ಹಾಗಾದರೆ ಪ್ರಯೋಗಗಳಲ್ಲಿ ಕಾಣುವ ದುಂಡು ಎಲ್ಲಿಂದ? ದಪ್ಪ ಎಲ್ಲ ಕಡೆ ಒಂದೇ ಇರದಿದ್ದರೂ ಬರುತ್ತದೆ. ದಪ್ಪ 9ರಿಂದ 11ರವರೆಗೆ ಏರುಪೇರಾದರೆ ಕ್ಯೂರಿ ತಾಪಮಾನ 0.878ರಿಂದ 0.918ರವರೆಗೆ ಹರಡುತ್ತದೆ. ಅದೇ ಶೇ. 10ರ ಏರುಪೇರು ದಪ್ಪ 20ಕ್ಕೆ ಇದ್ದರೆ ಹರಡುವುದು ಇದರ ಕಾಲು ಭಾಗ ಮಾತ್ರ.

ಮುಂದಿನ ವಾರ ಆರನೇ ಘಾತ ಸೇರಿಸಬೇಕು. ಬೇರಿಯಂ ಟೈಟನೇಟ್‌ನಲ್ಲಿ ಧ್ರುವೀಕರಣ ಮೆಲ್ಲಗೆ ಸೊನ್ನೆಯಾಗುವುದಿಲ್ಲ, ಒಮ್ಮೆಲೇ ಹಾರುತ್ತದೆ, ಗುಪ್ತೋಷ್ಣವೂ ಇದೆ. ಕಾಯಿಸುವಾಗ, ತಣಿಸುವಾಗ ಬೇರೆ ಬೇರೆ ಓಡಿಸಬೇಕಾಗುತ್ತದೆ.